ಗಾಳಿ ಬೆಳಕು ಎಕ್ಸ್‌ಟ್ರಾ

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಗಲ್ಲಿಗಳಲ್ಲಿ ಜನ ಒತ್ತೊತ್ತಾಗಿ ಬದುಕುತ್ತಿದ್ದರು, ಅವರ ಜೊತೆ ಇಲಿಗಳೂ ಸಂಸಾರ ಹೂಡಿದ್ದವು. ಜನಕ್ಕೆ ಗಾಳಿ ಬೆಳಕು ಬೇಕು ಅನ್ನೋದು ಆಗಿನ ಮೈಸೂರು ಸರ್ಕಾರಕ್ಕೆ ಗೊತ್ತಾಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಜೋರಾಗಿ ಬೆಳೆದದ್ದು ಆ ಭಯದಿಂದಲೇ. ನೇರವಾದ ರಸ್ತೆ, ಲೆಕ್ಕ ಹಾಕಿ ಎಳೆದ ಅಡ್ಡರಸ್ತೆ, ಮನೆ ಸುತ್ತ ಜಾಗ, ಹಿಂದೆ ಹಿತ್ತಲು. ಹಿತ್ತಲಿನ ಆಚೆ ಕಕ್ಕಸು ಶುಚಿ ಮಾಡುವವರಿಗೆಂದು ಕನ್ಸರ್ವೆನ್ಸಿ ಗಲ್ಲಿ. (ಆ ಕೆಲಸ ಯಾರ ತಲೆಗೆ ಬಿತ್ತು ಅನ್ನೋದನ್ನು ಹೆರಿಟೇಜ್ ವಾಕ್‌ಗಳಲ್ಲಿ ಯಾರೂ ಜಾಸ್ತಿ ಹೇಳೋದಿಲ್ಲ.)

ಅಷ್ಟೊಂದು ಗಾಳಿ, ಅಷ್ಟೊಂದು ಬೆಳಕು ಸುಮ್ನೆ ಪೋಲಾಗುತ್ತಿತ್ತು. ನೂರು ವರ್ಷ ಯಾರ ಕಣ್ಣಿಗೂ ಬೀಳದ ಈ ದುಂದುವೆಚ್ಚವನ್ನು ಮಲ್ಲೇಶ್ವರದ ಓನರ್‌ಗಳು ಕಂಡುಹಿಡಿದಿದ್ದಾರೆ. ಈಗ ಸರಿಪಡಿಸುತ್ತಿದ್ದಾರೆ.

ಹೇಗೆ ಅಂತೀರಾ? ಮೊದಲು ಹಿತ್ತಲು ಹೋಯಿತು. ದನ ಕಟ್ಟುತ್ತಿದ್ದ ಕೊಟ್ಟಿಗೆಗೆ ಒಂದು ಶಟರ್, ಒಂದು ಸಿಂಕ್, ಒಂದು ಟ್ಯೂಬ್‌ಲೈಟ್ ಹಾಕಿದರು, ಅದು ಸ್ಟುಡಿಯೋ ಆಯಿತು. ಸೌದೆ ಇಡುತ್ತಿದ್ದ ಕೋಣೆ ಒನ್ ಆರ್‌ಕೆ, ಅಂದರೆ ಒಂದು ರೂಮು, ಒಂದು ಕಿಚನ್. ಹಜಾರಕ್ಕೆ ನಡುವೆ ಪ್ಲೈವುಡ್ ಹೊಡೆದರೆ ಎರಡು ರೂಮು. ಪ್ಲೈವುಡ್ ಆಚೆ ಇರೋನು ಕೆಮ್ಮಿದರೆ ಈಚೆ ಇರೋನು ಮಾತ್ರೆ ನುಂಗಬೇಕು, ಅಷ್ಟು ಅನ್ಯೋನ್ಯ. ಮೇಲೆ ಮಂಗಳೂರು ಹಂಚು ತೆಗೆದು ಶೀಟ್ ಹಾಕಿದರೆ ಪೆಂಟ್‌ಹೌಸ್. ನಮ್ಮ ಅಜ್ಜಂದಿರು ಇದನ್ನೇ ವಠಾರ ಮಾಡಿ ಬದುಕಿದ್ದರು. ಒಂದೇ ನಲ್ಲಿ, ಒಂದೇ ಕಕ್ಕಸು, ಹತ್ತು ಸಂಸಾರ. ಅನುಕೂಲವಾದ ದಿನವೇ ಹೊರಗೆ ಓಡಿಬರುತ್ತಿದ್ದರು. ಈಗ ಮೊಮ್ಮಕ್ಕಳು ತಿಂಗಳಿಗೆ 20 ಸಾವಿರ ಕೊಟ್ಟು ಒಳಗೆ ಓಡಿಹೋಗುತ್ತಿದ್ದಾರೆ. ನಲ್ಲಿಯ ಪಕ್ಕ ಒಂದು ಬೀನ್ ಬ್ಯಾಗ್ ಇಟ್ಟಿರುತ್ತಾರೆ.

ಒಳಗೆ ಹೋಗೋದು ಸುಲಭವಲ್ಲ. ಮೊದಲು ಗೇಟಿನಲ್ಲಿ ಸಂದರ್ಶನ.

'ಯಾವೂರಪ್ಪಾ?'

'ಹಾಸನ ಅಂಕಲ್.'

'ಹಾಸನದಲ್ಲಿ ಯಾರ ಪೈಕಿ?'

ಹುಡುಗ ಕಂಪನಿ ಹೆಸರು ಹೇಳುತ್ತಾನೆ. ಅಂಕಲ್ ಕೇಳಿದ್ದು ಅದಲ್ಲ. ಮತ್ತೆ ಕೇಳುತ್ತಾರೆ. ಊಟದ ಕಡೆಯಿಂದ ಬರುತ್ತಾರೆ, ಅಪ್ಪನ ಹೆಸರಿನ ಕಡೆಯಿಂದ ಬರುತ್ತಾರೆ, ಮನೆದೇವರ ಕಡೆಯಿಂದ ಬರುತ್ತಾರೆ. ಒಟ್ಟಿನಲ್ಲಿ ಜಾತಿ ಕೇಳೋದಿಲ್ಲ, ಅವರು ಅಂಥವರಲ್ಲ. ಆಮೇಲೆ ಲಿಂಕ್ಡ್‌ಇನ್ ಪ್ರೊಫೈಲ್ ಕೇಳುತ್ತಾರೆ. ಮೊಟ್ಟೆ? ಇಲ್ಲ. ಫ್ರೆಂಡ್ಸ್ ಬರ್ತಾರಾ? ಇಲ್ಲ. ರಾತ್ರಿ ಲೇಟಾಗುತ್ತಾ? ಇಲ್ಲ. ಮದುವೆ? ಇನ್ನೂ ಇಲ್ಲ ಅಂಕಲ್. 'ನಾವು ಫ್ಯಾಮಿಲಿಗೆ ಮಾತ್ರ ಕೊಡೋದು' ಅನ್ನುತ್ತಾರೆ. ಹತ್ತಡಿಗೆ ಎಂಟಡಿಯ ರೂಮಿನಲ್ಲಿ ಫ್ಯಾಮಿಲಿ ನಿಲ್ಲಿಸಬಹುದು, ಕೂರಿಸಲಾಗದು. ಕೊನೆಗೆ ಎರಡು ಸಾವಿರ ಜಾಸ್ತಿ ಅಂದಮೇಲೆ ಹುಡುಗನ ಮುಖದಲ್ಲಿ ಅಂಕಲ್‌ಗೆ ಫ್ಯಾಮಿಲಿಯ ಲಕ್ಷಣ ಕಾಣತೊಡಗುತ್ತದೆ.

ಆಮೇಲೆ ಅಡ್ವಾನ್ಸ್. ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತ 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಆದರೆ ರಾಜ್ಯಗಳು ಒಪ್ಪಿ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಜೀವ. ಹಾಗಾಗಿ ದೆಹಲಿಯಿಂದ ಹೊರಟ ಎರಡು ತಿಂಗಳು ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಬರುವ ಹೊತ್ತಿಗೆ ಹತ್ತು ತಿಂಗಳಾಗಿರುತ್ತದೆ. 20 ಸಾವಿರದ ಕೊಟ್ಟಿಗೆಗೆ ಎರಡು ಲಕ್ಷ. ಹಿಂದೆ ಇಷ್ಟಕ್ಕೆ ಹಸುಗಳನ್ನೂ ಸೇರಿಸಿ ಕೊಡುತ್ತಿದ್ದರು.

ಕರಾರು ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು, ಖರ್ಚು ಕೊಡಬೇಕು. ಇಷ್ಟು ದೊಡ್ಡ ದೇಶದ ಬಾಡಿಗೆ ವ್ಯವಹಾರವೆಲ್ಲ ಆ ಒಂದು ತಿಂಗಳನ್ನು ಉಳಿಸಿಕೊಂಡು ನಡೆಯುತ್ತಿದೆ. ಹನ್ನೊಂದು ತಿಂಗಳಾದಮೇಲೆ ಬಾಡಿಗೆ ಮಾತ್ರ ತಪ್ಪದೆ ಏರುತ್ತದೆ, ಅದಕ್ಕೆ ಯಾವ ರಿಜಿಸ್ಟ್ರಾರೂ ಬೇಕಿಲ್ಲ. ಬಿಟ್ಟು ಹೋಗುವಾಗ ಪೇಂಟಿಂಗ್ ಚಾರ್ಜ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಆ ಗೋಡೆಗೆ ಕೊನೆಯ ಸಲ ಬಣ್ಣ ಬಳಿದಾಗ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ಅಲ್ಲಿಂದೀಚೆಗೆ ಬಂದುಹೋದ ಹುಡುಗರೆಲ್ಲ ಅದಕ್ಕೆ ದುಡ್ಡು ಕೊಟ್ಟಿದ್ದಾರೆ. ಎಲ್ಲವನ್ನೂ ನಿಜವಾಗಿ ಬಳಿದಿದ್ದರೆ ಗೋಡೆ ಊದಿಕೊಂಡು ರೂಮು ಇನ್ನೂ ಚಿಕ್ಕದಾಗುತ್ತಿತ್ತು. ಅಂಕಲ್ ದೂರಾಲೋಚನೆ.

ಇಷ್ಟಾದರೂ ಯಾಕೆ ಬರುತ್ತಾರೆ ಅಂದರೆ, ಮಲ್ಲೇಶ್ವರ ಚೆನ್ನಾಗಿದೆ, ಅದನ್ನು ಅಲ್ಲಗಳೆಯೋಕೆ ಆಗಲ್ಲ. ಎಂಟನೇ ಕ್ರಾಸ್‌ಗೆ ಹೋದರೆ ಹೂವಿನಿಂದ ಹಿಡಿದು ಹೇರ್‌ಪಿನ್‌ವರೆಗೆ ಸಿಗುತ್ತದೆ. ಕಾಡು ಮಲ್ಲೇಶ್ವರನ ಗುಡಿ ಇದೆ. 2014ರಿಂದ ಮೆಟ್ರೊ ಇದೆ. ಬೆಣ್ಣೆ ಮಸಾಲೆ ದೋಸೆಗೆ ನಡೆದೇ ಹೋಗಬಹುದು. ನಮ್ಮ ಹುಡುಗರು ಇದನ್ನು ವಾಕಬಲ್ ಏರಿಯಾ ಅನ್ನುತ್ತಾರೆ. ನಿಜ, ನಡೆಯಲೇಬೇಕು, ರಸ್ತೆಯ ನಡುವೆ. ಫುಟ್‌ಪಾತ್ ಮೇಲೆ ಸ್ಕೂಟರ್ ನಿಂತಿರುತ್ತವೆ, ಕನ್ಸರ್ವೆನ್ಸಿ ಗಲ್ಲಿಯಲ್ಲಿ ಕಾರು ಮಲಗಿರುತ್ತವೆ. ಭಾನುವಾರ ಬೆಳಗ್ಗೆ ದೋಸೆಯ ಕ್ಯೂ ನೋಡಿದರೆ ಪ್ಲೇಗ್ ಕಾಲದ ಅಧಿಕಾರಿಗಳು ಮೂರ್ಛೆ ಹೋಗುತ್ತಿದ್ದರು.

ಹುಡುಗರೂ ಸಾಮಾನ್ಯರಲ್ಲ ಬಿಡಿ. ಕೆಂಪು ಆಕ್ಸೈಡ್ ನೆಲ ಕಂಡರೆ ಸಾಕು, ಬಗ್ಗಿ ಫೋಟೋ ತೆಗೆಯುತ್ತಾರೆ. ಊರಲ್ಲಿ ಅಮ್ಮ ಅದೇ ನೆಲವನ್ನು ಕಿತ್ತು ಟೈಲ್ಸ್ ಹಾಕಿಸು ಅಂತ ಗೋಗರೆದಾಗ ಲೋನ್ ಮಾಡಿ ಹಾಕಿಸಿಕೊಟ್ಟವರೂ ಇವರೇ. ಗೋಡೆ ತೇವ ಹಿಡಿದಿದ್ದರೆ 'ಹಳೇ ಬೆಂಗಳೂರಿನ ವೈಬ್'. ನೀರು ಎರಡು ದಿನಕ್ಕೊಮ್ಮೆ ಬಂದರೆ 'ಸ್ಲೋ ಲಿವಿಂಗ್'. ಈ ಭಾಷೆಯನ್ನು ಅಂಕಲ್ ಕೂಡ ಬೇಗ ಕಲಿತರು.

'ಅಂಕಲ್, ರೂಮಲ್ಲಿ ಇಲಿ ಇದೆ.'

'ನೂರು ವರ್ಷದ ಮನೆ ಕಣಪ್ಪಾ, ಹೆರಿಟೇಜು.'

'ಕಿಟಕಿನೂ ಇಲ್ಲ ಅಂಕಲ್.'

'ಕಿಟಕಿ ಇರೋ ರೂಮು ಬೇರೆ ಇದೆ. ಅದಕ್ಕೆ ಮೂರು ಸಾವಿರ ಜಾಸ್ತಿ.'

ಆ ಕಿಟಕಿ ತೆಗೆದರೆ ಪಕ್ಕದ ರೂಮಿನ ಹುಡುಗ ಹಲ್ಲುಜ್ಜೋದು ಕಾಣುತ್ತದೆ. ಅವನೂ ಮೂರು ಸಾವಿರ ಜಾಸ್ತಿ ಕೊಟ್ಟವನೇ.

ಎಲ್ಲ ಓನರ್‌ಗಳೂ ಹೀಗಲ್ಲ. ಬಾಡಿಗೆ ಒಂದನ್ನೇ ನಂಬಿ ಬದುಕುವ ವಯಸ್ಸಾದವರಿದ್ದಾರೆ, ಹುಡುಗರಿಗೆ ಜ್ವರ ಬಂದರೆ ಸಾರು ಮಾಡಿ ಕೊಡುವವರೂ ಇದ್ದಾರೆ. ನಾನು ಹೇಳುತ್ತಿರೋದು ಮನೆಯನ್ನು ಹದಿನಾಲ್ಕು ಭಾಗ ಮಾಡಿ, ಸಂಜೆ ಪಾರ್ಕಿನ ಬೆಂಚಿನ ಮೇಲೆ ಕೂತು, 'ನಮ್ಮ ಮಲ್ಲೇಶ್ವರ ಹಿಂಗಿರಲಿಲ್ಲ ಕಣ್ರೀ, ಜನ ಜಾಸ್ತಿಯಾಗಿ ಕೆಟ್ಟುಹೋಯ್ತು' ಅಂತ ನಿಟ್ಟುಸಿರು ಬಿಡುವ ಅಂಕಲ್ ಬಗ್ಗೆ. ಆ ಜನ ಎಲ್ಲಿ ಮಲಗುತ್ತಾರೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಬಾಡಿಗೆ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾರೆ.

ಹೋದ ವರ್ಷ ಅಂಕಲ್ ಮುಂದಿನ ವರಾಂಡವನ್ನೂ ಬಾಡಿಗೆಗೆ ಕೊಟ್ಟರು. ತಾವು ಹೆಬ್ಬಾಳದ ಆಚೆ ಅಪಾರ್ಟ್‌ಮೆಂಟಿಗೆ ಹೋದರು, ಹನ್ನೆರಡನೇ ಮಹಡಿ. ಹುಟ್ಟಿ ಬೆಳೆದ ಮನೆ ಬಿಟ್ಟು ಅಷ್ಟು ದೂರ ಯಾಕೆ ಹೋದಿರಿ ಅಂತ ವರಾಂಡದ ಹುಡುಗ ಫೋನಿನಲ್ಲಿ ಕೇಳಿದ.

'ಇಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಕಣಪ್ಪಾ' ಅಂದರು. 'ಐದನೇ ತಾರೀಖಾಯ್ತು, ಬಾಡಿಗೆ ಇನ್ನೂ ಬಂದಿಲ್ಲ ನೋಡು.'