ಅಂಚೆಯಲ್ಲಿ ಬಂದ ಮೂರನೆಯ ಕೈ

ಹಳೆಯದನ್ನು ಉಳಿಸುತ್ತೇವೆಂದು ಹೊರಟವರು ಮೊದಲು ಮಾಡುವ ಕೆಲಸ ಹೊಸ ಬೋರ್ಡು ಬರೆಸುವುದು. ಇಂಗ್ಲೆಂಡಿನ ಆಂಗ್ಲಿಕನ್ ಪರಂಪರೆಗೆ ಸೇರಿದ ಅಮೆರಿಕದ ಎಪಿಸ್ಕೋಪಲ್ ಚರ್ಚ್ 1976ರಲ್ಲಿ ಮಹಿಳೆಯರಿಗೂ ಗುರುದೀಕ್ಷೆ ಕೊಡಲು ಒಪ್ಪಿ, 1928ರ ಪ್ರಾರ್ಥನಾ ಪುಸ್ತಕದ ಬದಲಿಗೆ ಹೊಸದನ್ನು ತರಲು ಕೈಹಾಕಿದಾಗ ಸಂಪ್ರದಾಯಸ್ಥರ ತಲೆಯ ಮೇಲೆ ಆಕಾಶ ಕಳಚಿ ಬಿತ್ತು. ಅನಾದಿ ಕಾಲದ್ದೆಂದು ಎದೆಗವಚಿಕೊಂಡ ಆ ಪುಸ್ತಕಕ್ಕೆ ಆಗಿನ್ನೂ ಐವತ್ತು ತುಂಬಿರಲಿಲ್ಲ. ಅದೂ 1892ರ ಪುಸ್ತಕವನ್ನು ಮೂಲೆಗೆ ತಳ್ಳಿ ಬಂದದ್ದೇ.

1977ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಇವರ ಸಮಾವೇಶ ನಡೆಯಿತು, ಬೇರೆ ಸಭೆಯಾಗುವ ಘೋಷಣೆಯೂ ಹೊರಬಿತ್ತು. ಬಿಷಪ್ಪರಿಲ್ಲದೆ ಸಭೆ ಹೇಗೆ? ಕ್ರಿ.ಶ. 325ರ ನಿಕೇಯ ಮಹಾಸಭೆಯ ಕಟ್ಟಳೆಯಂತೆ, ಹೊಸ ಬಿಷಪ್ಪರ ತಲೆಯ ಮೇಲೆ ಕೈಯಿಡಲು ಕಡಿಮೆಯೆಂದರೂ ಮೂವರು ಬಿಷಪ್ಪರು ಬೇಕು. 1978ರ ಜನವರಿಯಲ್ಲಿ ಡೆನ್ವರ್‌ಗೆ ಬಂದವರು ಇಬ್ಬರು: ನಿವೃತ್ತ ಬಿಷಪ್ ಆಲ್ಬರ್ಟ್ ಚೇಂಬರ್ಸ್ ಮತ್ತು ಫಿಲಿಪ್ಪೀನ್ಸಿನ ಫ್ರಾನ್ಸಿಸ್ಕೊ ಪಗ್ಟಖಾನ್. ಮೂರನೆಯವರ ಜಾಗಕ್ಕೆ ಕೊರಿಯಾದ ಬಿಷಪ್ಪರೊಬ್ಬರ ಒಪ್ಪಿಗೆ ಪತ್ರವಿತ್ತು. ಯೇಸುವಿನ ಶಿಷ್ಯರಾದ ಅಪೊಸ್ತಲರಿಂದ ಕೈಯಿಂದ ಕೈಗೆ ಇಳಿದು ಬಂದ ಪರಂಪರೆ ಅಲ್ಲಿ ಲಕೋಟೆಯಿಂದ ಇಳಿಯಿತು. ಪ್ರಾರ್ಥನಾ ಪುಸ್ತಕದ ಒಂದು ಸಾಲು ತಿದ್ದಿದರೆ ಧರ್ಮಲೋಪ. ಬಿಷಪ್ಪರೊಬ್ಬರ ಬದಲು ಕಾಗದ ಬಂದರೆ ಆಪದ್ಧರ್ಮ!

ಹೀಗೆ ಚಾರ್ಲ್ಸ್ ಡೋರೆನ್ ಬಿಷಪ್ಪರಾದರು. ಆಮೇಲೆ ಮೋಟ್, ಮೋರ್ಸ್, ವಾಟರ್ಸನ್ ಅವರೂ ಆದರು. ಒಟ್ಟು ನಾಲ್ವರು. ಅದೇ ವರ್ಷ ಡಲ್ಲಾಸ್‌ನಲ್ಲಿ ಸಂವಿಧಾನ ಬರೆಯುವ ಹೊತ್ತಿಗೆ ಮನೆಯೊಂದು ಮೂರು ಬಾಗಿಲು. ಮೋರ್ಸ್ ತಮ್ಮದೇ ದಾರಿ ಹಿಡಿದರು. ಡೋರೆನ್ ಕೆಲವೇ ವರ್ಷಗಳಲ್ಲಿ ಇನ್ನೊಂದು ಸಭೆ ಕಟ್ಟಿದರು. ವಾಟರ್ಸನ್ ನೇರವಾಗಿ ರೋಮಿನ ಕ್ಯಾಥೊಲಿಕ್ ಸಭೆಗೇ ಹೋದರು. ಆಂಗ್ಲಿಕನ್ ಕ್ಯಾಥೊಲಿಕ್ ಚರ್ಚ್ ಎಂಬ ಹೊಸ ಹೆಸರಿನ ಮೂಲಮನೆಯಲ್ಲಿ ಕೊನೆಗೆ ಉಳಿದವರು ಮೋಟ್ ಒಬ್ಬರೇ. ಹೆಂಡತಿಯನ್ನು ಬಿಡಲು ಪೋಪ್ ಬಿಡಲಿಲ್ಲವೆಂದು ಪೋಪರನ್ನೇ ಬಿಟ್ಟ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಸಂಪ್ರದಾಯವನ್ನು ಇವರಷ್ಟು ನಿಷ್ಠೆಯಿಂದ ಪಾಲಿಸಿದವರು ಅಪರೂಪ.

ಇತ್ತ ನಮ್ಮ ದಕ್ಷಿಣ ಭಾರತದಲ್ಲಿ 1947ರಲ್ಲೇ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಸೇರಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕಟ್ಟಿದ್ದರು. ಅಲ್ಲಿ ಜಗಳವೇ ಇಲ್ಲ ಎಂದೇನೂ ನಾನು ಹೇಳುತ್ತಿಲ್ಲ; ಜಗಳಕ್ಕೂ ಒಂದೇ ಸೂರು ಸಾಕಾಗಿದೆ.

ಅಮೆರಿಕದಲ್ಲಿ ಒಂದಾಗುವುದೂ ಒಡೆಯುವ ಕೆಲಸವೇ. 1991ರಲ್ಲಿ ಫ್ಲಾರಿಡಾದಲ್ಲಿ ಎರಡು ಗುಂಪುಗಳನ್ನು ಕೂಡಿಸಹೋದಾಗ ಆಂಗ್ಲಿಕನ್ ಕ್ಯಾಥೊಲಿಕ್ ಚರ್ಚಿನ ಒಂದು ಭಾಗ ಆಚೆ ಹೋಯಿತು, ಇನ್ನೊಂದು ಭಾಗ ಕದಲಲಿಲ್ಲ. ಹೋದವರು ಆಂಗ್ಲಿಕನ್ ಚರ್ಚ್ ಇನ್ ಅಮೆರಿಕ ಎಂಬ ಮತ್ತೊಂದು ಬೋರ್ಡು ಬರೆಸಿದರು. ಆಗಲೇ ಬಿಷಪ್ಪರಾಗಿದ್ದವರಿಗೆ ಅಲ್ಲಿ ಮತ್ತೊಮ್ಮೆ ದೀಕ್ಷೆಯಾಯಿತು, ಷರತ್ತಿನ ಮೇಲೆ: ಹಳೆಯದು ಹತ್ತದೆ ಹೋಗಿದ್ದರೆ ಇದಾದರೂ ಹತ್ತಲಿ ಎಂದು.

2017ರಲ್ಲಿ ಅಟ್ಲಾಂಟಾದಲ್ಲಿ ಇಂಥ ನಾಲ್ಕು ಸಭೆಗಳು ಪೂರ್ಣ ಸಹಭಾಗಿತ್ವದ, ಅಂದರೆ ಪರಸ್ಪರರ ಗುರುಗಳನ್ನೂ ಸಂಸ್ಕಾರಗಳನ್ನೂ ಒಪ್ಪುವ, ಒಪ್ಪಂದಕ್ಕೆ ಸಹಿ ಹಾಕಿದವು. ಫೋಟೊ ತೆಗೆಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಆದರೆ ನಾಲ್ಕು ಪೀಠಗಳೂ ಅಂದು ಇದ್ದಲ್ಲೇ ಉಳಿದವು, ಮತ್ತು ಮೋರ್ಸ್ ಕಟ್ಟಿದ ಸಭೆ ಸಹಿ ಹಾಕಿದವರ ಪಟ್ಟಿಯಲ್ಲಿರಲಿಲ್ಲ.