ಒಂದು ಅಲ್ಪವಿರಾಮದ ಹಿಂದೆ ಎರಡು ಗಂಟೆ

ಔಷಧ ಪ್ರಯೋಗದಲ್ಲಿ ರೋಗಿಗಳ ಮಾಹಿತಿ ತುಂಬುವ ಗಣಕ ನಮೂನೆಗಳ ಪ್ರಶ್ನೆಗಳನ್ನೂ ಆಯ್ಕೆಗಳನ್ನೂ ನಾವು ಎಕ್ಸೆಲ್ ಹಾಳೆಯಲ್ಲಿ ಬರೆದು ತಂತ್ರಾಂಶಕ್ಕೆ ಕೊಡುತ್ತೇವೆ. ನಿನ್ನೆ ರಾತ್ರಿ ಔಷಧದ ಪ್ರತಿಕೂಲ ಪರಿಣಾಮಗಳನ್ನು ದಾಖಲಿಸುವ ನಮೂನೆಯ ಸ್ಪ್ರೆಡ್‌ಶೀಟನ್ನು ಏಳನೆಯ ಬಾರಿ ಅಪ್‌ಲೋಡ್ ಮಾಡಿದಾಗಲೂ, ಉತ್ತರದ ಆಯ್ಕೆಗಳ ಸಂಖ್ಯೆಗೂ ಅವುಗಳ ಸಂಕೇತಗಳ ಸಂಖ್ಯೆಗೂ ಹೊಂದಿಕೆಯಿಲ್ಲವೆಂಬ ಅದೇ ದೋಷಸೂಚನೆ ಬಂದಿತು. ಎರಡು ಗಂಟೆ ಹುಡುಕಿದ ಮೇಲೆ ತಿಳಿದದ್ದೇನೆಂದರೆ, ‘ಹೌದು, ಔಷಧಕ್ಕೆ ಸಂಬಂಧಿಸಿದೆ’ ಎಂಬ ಉತ್ತರದೊಳಗಿನ ಅಲ್ಪವಿರಾಮವನ್ನು ತಂತ್ರಾಂಶವು ಎರಡು ಆಯ್ಕೆಗಳ ನಡುವಿನ ಗಡಿಯೆಂದು ಓದಿಕೊಂಡಿತ್ತು.

ರೋಗಿಯ ರಕ್ತದೊತ್ತಡ, ಔಷಧದ ಪ್ರಮಾಣ, ಆಸ್ಪತ್ರೆಗೆ ದಾಖಲಾದ ದಿನ ಇವೆಲ್ಲವನ್ನೂ ತಪ್ಪಿಲ್ಲದೆ ಹಿಡಿದಿಡಬೇಕಾದ ನಮೂನೆಯನ್ನು, ಲೆಕ್ಕಪತ್ರಕ್ಕಾಗಿ ಹುಟ್ಟಿದ ಚೌಕಗಳೊಳಗೆ ತುರುಕುವುದು ಯಾವ ನ್ಯಾಯ? ಪ್ರಯೋಗ ನಡೆಯುವ ಕೇಂದ್ರದ ಸಂಕೇತವನ್ನು ‘01’ ಎಂದು ಬರೆದರೆ ಮೊದಲಿನ ಸೊನ್ನೆ ಮಾಯವಾಗುತ್ತದೆ. ‘ವಾರಕ್ಕೆ ಎಷ್ಟು ಬಾರಿ’ ಎಂಬ ಪ್ರಶ್ನೆಗೆ ‘1-2’ ಎಂಬ ಆಯ್ಕೆ ಕೊಟ್ಟರೆ ಅದು ದಿನಾಂಕವಾಗಿ ಕೂರುತ್ತದೆ. ಎಕ್ಸೆಲ್‌ನ ಈ ಚಾಳಿಯಿಂದಾಗಿ ‘ಮಾರ್ಚ್1’, ‘ಸೆಪ್ಟ್1’ರಂಥ ಮಾನವ ವಂಶವಾಹಿಗಳ ಸಂಕೇತಗಳನ್ನೇ ಬದಲಿಸಬೇಕಾಯಿತೆಂಬುದು 2020ರಲ್ಲಿ ಜಗತ್ತಿಗೇ ತಿಳಿದ ಸಂಗತಿ. ಆದರೂ ನಮಗೆ ಬುದ್ಧಿ ಬಂದಿದೆಯೇ?

ಎಲ್ಲಕ್ಕಿಂತ ನೋಯಿಸುವುದು, ಯಾವ ಪ್ರಶ್ನೆ ಯಾವಾಗ ಕಾಣಿಸಬೇಕೆಂದು ಹೇಳುವ ಷರತ್ತುಗಳ ಅಂಕಣ. ಮಹಿಳೆಯರಿಗೆ ಮಾತ್ರ ಗರ್ಭಧಾರಣೆಯ ಪ್ರಶ್ನೆ ಕಾಣಿಸಬೇಕೆಂಬ ಸರಳ ನಿಯಮವೂ ಮುನ್ನೂರು ಸಾಲುಗಳಾಚೆಯ ಇನ್ನೊಂದು ಪ್ರಶ್ನೆಯ ಹೆಸರನ್ನು ನಂಬಿಕೊಂಡಿರುತ್ತದೆ. ಯಾರೋ ಆ ಹೆಸರಿನ ಒಂದಕ್ಷರ ತಿದ್ದಿದರೆ ಹಾಳೆ ತುಟಿಪಿಟಕ್ಕೆನ್ನದು. ಅಧ್ಯಯನ ನಡೆಸುವ ಕ್ರಮವನ್ನು ಹೇಳುವ ದಾಖಲೆಯಾದ ಪ್ರೋಟೋಕಾಲ್ ತಿದ್ದುಪಡಿಯಾದಾಗಲಂತೂ ವೈದ್ಯರು ಹಳದಿ, ಸಂಖ್ಯಾಶಾಸ್ತ್ರಜ್ಞರು ಹಸಿರು ಬಳಿದ ‘ಅಂತಿಮ’ ಹೆಸರಿನ ನಾಲ್ಕು ಕಡತಗಳು ಒಂದೇ ದಿನ ಇಮೇಲ್‌ನಲ್ಲಿ ಬರುತ್ತವೆ. ಬಣ್ಣವನ್ನು ಯಾವ ಸರ್ವರ್ ಓದುತ್ತದೆ? ಯಾವ ಚೌಕವನ್ನು ಯಾರು, ಏಕೆ ಬದಲಿಸಿದರೆಂದು ನಾಳೆ ಅಧ್ಯಯನದ ಪರಿಶೋಧಕರು ಕೇಳಿದರೆ ನಾನು ಏನನ್ನು ತೋರಿಸಲಿ?