‘ನಾನು ಮೊದಲೇ ಹೇಳಿದ್ದೆ’ ಅನ್ನುವವರಿಗೆ

2022ರಲ್ಲಿ ಶ್ರೀಲಂಕಾ, 2024ರಲ್ಲಿ ಬಾಂಗ್ಲಾದೇಶ, 2025ರಲ್ಲಿ ನೇಪಾಳ. ಮೂರೂ ಕಡೆ ಜನ ಬೀದಿಗಿಳಿದರು, ಅಧಿಕಾರದಲ್ಲಿದ್ದವರು ಕುರ್ಚಿ ಬಿಟ್ಟರು. ಮೂರೂ ಸಲ ಮಾರನೇ ದಿನ ಟಿವಿಯಲ್ಲೂ ಇಲ್ಲೂ ಒಂದೇ ಮಾತು: ‘ಹೀಗೇ ಆಗುತ್ತೆ ಅಂತ ನಾನು ಮೊದಲೇ ಹೇಳಿದ್ದೆ.’ ಸರಿ ಸ್ವಾಮಿ, ಹೇಳಿದ್ರಿ. ಯಾವ ತಾರೀಖಿನೊಳಗೆ ಆಗುತ್ತೆ ಅಂದಿದ್ರಿ? ನೂರಕ್ಕೆ ಎಷ್ಟು ಸಂಭವ ಅಂದಿದ್ರಿ? ಹೀಗೇ ಬೇರೆ ಎಷ್ಟು ದೇಶಗಳ ಬಗ್ಗೆ ಹೇಳಿದ್ದು ಆಗದೇ ಹೋಯ್ತು?

ಈ ಪ್ರಶ್ನೆಗಳನ್ನು ಪಟ್ಟು ಹಿಡಿದು ಕೇಳಿದವರು ಫಿಲಿಪ್ ಟೆಟ್‌ಲಾಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. 284 ತಜ್ಞರಿಂದ ಸುಮಾರು ಇಪ್ಪತ್ತು ವರ್ಷ ಸಾವಿರಾರು ಅಂದಾಜುಗಳನ್ನು ಬರೆಸಿಕೊಂಡರು. ಆಮೇಲೆ ಏನಾಯ್ತು ಅಂತ ಒಂದೊಂದನ್ನೂ ತಾಳೆ ನೋಡಿದರು. 2005ರಲ್ಲಿ ಫಲಿತಾಂಶ ಹೊರಗೆ ಬಂತು. ಕಣ್ಣುಮುಚ್ಚಿ ಎಲ್ಲ ಉತ್ತರಕ್ಕೂ ಸಮ ಸಂಭವ ಅಂತ ಬರೆದಿದ್ದರೂ ತಜ್ಞರಿಗಿಂತ ತೀರಾ ಹಿಂದೆ ಬೀಳುತ್ತಿರಲಿಲ್ಲ. ಮಾಧ್ಯಮದಲ್ಲಿ ಜಾಸ್ತಿ ಹೆಸರು ಮಾಡಿದವರದ್ದು ಇನ್ನೂ ಕಳಪೆ.

ಹಾಗಾದರೆ ಇದೆಲ್ಲ ಬರೀ ಕಣಿ ಹೇಳುವ ಕೆಲಸವಾ? ಅಲ್ಲ. ಸೊಮಾಲಿಯಾ, ಯುಗೊಸ್ಲಾವಿಯಾಗಳು ಕುಸಿದ ಮೇಲೆ, 1994ರಲ್ಲಿ, ಅಮೆರಿಕದ ಆಗಿನ ಉಪಾಧ್ಯಕ್ಷ ಅಲ್ ಗೋರ್ ಅವರ ಕೋರಿಕೆಯಂತೆ ಸಿಐಎ ದುಡ್ಡಿನಲ್ಲಿ ವಿದ್ವಾಂಸರ ಒಂದು ತಂಡ ಶುರುವಾಯಿತು. ದೇಶಗಳು ಯಾಕೆ ಕುಸಿಯುತ್ತವೆ ಅಂತ ಹುಡುಕುವುದು ಅದರ ಕೆಲಸ. ನೂರಾರು ಅಂಶಗಳನ್ನು ಜರಡಿ ಹಿಡಿದರು: ಬಡತನ, ಜನಸಂಖ್ಯೆ, ಭಾಷೆ, ಧರ್ಮ, ಏನೇನೋ. ಆ ತಂಡದ ಜ್ಯಾಕ್ ಗೋಲ್ಡ್‌ಸ್ಟೋನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ (ಯಾವ ದೇಶಕ್ಕೆ ಅಪಾಯ ಅಂತ ಅಂದಾಜು ಮಾಡುವ ಲೆಕ್ಕದ ಸೂತ್ರ) ಕೊನೆಗೆ ಉಳಿದದ್ದು ನಾಲ್ಕೇ. ಆಡಳಿತದ ಬಗೆ, ಶಿಶುಮರಣ, ನೆರೆಯ ನಾಲ್ಕು ಅಥವಾ ಹೆಚ್ಚು ದೇಶಗಳಲ್ಲಿ ಹೊಡೆದಾಟ, ಸರ್ಕಾರವೇ ಒಂದು ಗುಂಪಿನ ಮೇಲೆ ಮಾಡುವ ತಾರತಮ್ಯ.

ಶಿಶುಮರಣ ಯಾಕೆ ಅಂತ ನನಗೂ ಮೊದಲು ಹೊಳೆಯಲಿಲ್ಲ. ಯೋಚಿಸಿ ನೋಡಿ. ಒಂದು ಮಗು ಮೊದಲ ಹುಟ್ಟುಹಬ್ಬದವರೆಗೆ ಬದುಕಬೇಕಾದರೆ ತಾಯಿಗೆ ಊಟ ಬೇಕು, ಶುದ್ಧ ನೀರು ಬೇಕು, ಲಸಿಕೆ ಬೇಕು, ಆಸ್ಪತ್ರೆಗೆ ರಸ್ತೆ ಬೇಕು, ಅಲ್ಲಿ ನರ್ಸ್ ಕೆಲಸಕ್ಕೆ ಬಂದಿರಬೇಕು. ಸರ್ಕಾರ ಹಳ್ಳಿಯವರೆಗೆ ತಲುಪಿದೆಯಾ ಇಲ್ಲವಾ ಅನ್ನೋದು ಆ ಒಂದು ಅಂಕಿಯಲ್ಲೇ ಸಿಗುತ್ತದೆ. ಜಿಡಿಪಿ ಇದನ್ನು ಹೇಳಲ್ಲ.

ನಾಲ್ಕರಲ್ಲಿ ಎಲ್ಲಕ್ಕಿಂತ ತೂಕದ್ದು ಆಡಳಿತದ ಬಗೆ. ಪೂರ್ತಿ ಸರ್ವಾಧಿಕಾರ ಅಷ್ಟು ಸುಲಭಕ್ಕೆ ಅಲುಗಾಡುವುದಿಲ್ಲ, ಗಟ್ಟಿ ಪ್ರಜಾಪ್ರಭುತ್ವವೂ ಅಷ್ಟೇ. ಅಪಾಯ ಇರುವುದು ನಡುವೆ. ಚುನಾವಣೆ ನಡೆಯುತ್ತದೆ, ಆದರೆ ಎರಡು ಬಣಗಳು ಹಾವು ಮುಂಗುಸಿ. ಗೆದ್ದವರು ಸೋತವರನ್ನು ಜೈಲಿಗೆ ಹಾಕುತ್ತಾರೆ, ಸೋತವರು ಫಲಿತಾಂಶ ಒಪ್ಪುವುದಿಲ್ಲ. (ಢಾಕಾದ ರಾಜಕೀಯ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ.)

ಈ ಮಾದರಿ ಎರಡು ವರ್ಷ ಮೊದಲೇ, ನೂರಕ್ಕೆ 80ಕ್ಕಿಂತ ಹೆಚ್ಚು ಸರಿ ಹೇಳುತ್ತದೆ ಅಂತ ಅದನ್ನು ಮಾಡಿದವರೇ ಬರೆದರು. ಕೇಳೋಕೆ ಭಾರಿ ಅನಿಸುತ್ತೆ. ಇಲ್ಲೇ ಸ್ವಲ್ಪ ಎಚ್ಚರ ಬೇಕು.

ಜಗತ್ತಿನಲ್ಲಿ 160 ದೇಶ ಅಂತ ಇಟ್ಟುಕೊಳ್ಳಿ. ಈ ವರ್ಷ ಮೂರು ದೇಶ ಕುಸಿಯುತ್ತವೆ ಅಂದುಕೊಳ್ಳಿ. ನಿಮ್ಮ ಮಾದರಿ ಕುಸಿಯುವವನ್ನೂ ಉಳಿಯುವವನ್ನೂ ನೂರಕ್ಕೆ 80ರಷ್ಟು ಸರಿಯಾಗಿ ಗುರುತಿಸುತ್ತದೆ. ಆ ಮೂರರಲ್ಲಿ ಎರಡು ಸಿಕ್ಕಿಬೀಳುತ್ತವೆ. ಆದರೆ ಉಳಿದ 157ರಲ್ಲಿ ನೂರಕ್ಕೆ 20ರಷ್ಟು, ಅಂದರೆ 31 ದೇಶ, ಏನೂ ಆಗದಿದ್ದರೂ ಅಪಾಯದ ಪಟ್ಟಿಗೆ ಸೇರುತ್ತವೆ. ಪಟ್ಟಿಯಲ್ಲಿ 33 ಹೆಸರು, ನಿಜವಾಗಿ ಕುಸಿದದ್ದು ಎರಡು. ಇನ್ನೊಂದು ತಮಾಷೆ ಕೇಳಿ. ಲೆಕ್ಕ ಗಿಕ್ಕ ಏನೂ ಮಾಡದೆ ‘ಎಲ್ಲೂ ಏನೂ ಆಗಲ್ಲ’ ಅಂತ ಕಾಲು ಚಾಚಿ ಮಲಗಿದವನು ನೂರಕ್ಕೆ 98 ಸರಿ!

ಅಂದರೆ ಆ ಪಟ್ಟಿ ದಂಡ ಅಂತಲ್ಲ. 160 ದೇಶಗಳ ಮೇಲೆ ಕಣ್ಣಿಡುವ ಬದಲು 33ರ ಮೇಲೆ ಇಟ್ಟರೆ ಸಾಕಾಗುತ್ತೆ, ಅದು ದೊಡ್ಡದೇ. ಆದರೆ ‘80 ಪರ್ಸೆಂಟ್ ಕರೆಕ್ಟ್’ ಅಂತ ಯಾರಾದರೂ ಅಂದ ಕೂಡಲೇ ಸುಳ್ಳು ಎಚ್ಚರಿಕೆ ಎಷ್ಟು ಅಂತ ಕೇಳಬೇಕು, ಅಲ್ವಾ?

ಏನನ್ನು ಎಣಿಸುತ್ತಿದ್ದಾರೆ ಅಂತಲೂ ಕೇಳಬೇಕು. ಶ್ರೀಲಂಕಾದ ಶಿಶುಮರಣ ಪ್ರಮಾಣ ನಮ್ಮದಕ್ಕಿಂತ ಎಷ್ಟೋ ಕಡಿಮೆ. ಆದರೂ 1983ರಿಂದ 2009ರವರೆಗೆ ಅಲ್ಲಿ ಯುದ್ಧ ನಡೆಯಿತು. ಅದರ ಬೇರು ನಾಲ್ಕನೇ ಅಂಶದಲ್ಲಿದೆ: 1956ರಲ್ಲಿ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡಿದ ಕಾಯ್ದೆ, ಆಮೇಲಿನ ತಾರತಮ್ಯ. 2022ರ ಕಥೆ ಬೇರೆ. ಅಧ್ಯಕ್ಷರು ದೇಶ ಬಿಟ್ಟು ಓಡಿದರು, ಸಂಸತ್ತು ಸಂವಿಧಾನದ ಪ್ರಕಾರವೇ ಇನ್ನೊಬ್ಬರನ್ನು ಆರಿಸಿತು. ಅಂತರ್ಯುದ್ಧ, ನರಮೇಧ, ಆಡಳಿತ ವ್ಯವಸ್ಥೆಯೇ ಮುರಿದುಬೀಳುವುದು ಇವನ್ನು ಎಣಿಸುವ ಮಾದರಿಗೆ ಇದು ಲೆಕ್ಕಕ್ಕೇ ಬರುವುದು ಕಷ್ಟ. ನಮ್ಮ ಕಣ್ಣಿಗೆ ಮಾತ್ರ ಭೂಕಂಪ.

ಯಾವಾಗ ಅನ್ನೋದು ಇನ್ನೂ ಕಷ್ಟ. 1978ರ ಆಗಸ್ಟ್‌ನಲ್ಲಿ ಇರಾನ್ ಕ್ರಾಂತಿಯ ಹತ್ತಿರದಲ್ಲೂ ಇಲ್ಲ ಅಂತ ಸಿಐಎ ಬರೆದಿತ್ತು. 1979ರ ಜನವರಿಯಲ್ಲಿ ಅಲ್ಲಿನ ದೊರೆ ಷಾ ದೇಶ ಬಿಟ್ಟು ವಿಮಾನ ಹತ್ತಿದರು. ತಿಮೂರ್ ಕುರಾನ್ ಎಂಬ ಅರ್ಥಶಾಸ್ತ್ರಜ್ಞ ಇದಕ್ಕೆ ಕೊಟ್ಟ ಕಾರಣ ನನಗೆ ತುಂಬ ಸರಿ ಅನಿಸುತ್ತದೆ. ಭಯ ಇರುವ ಕಡೆ ಜನ ಮನಸ್ಸಿನಲ್ಲಿರುವುದನ್ನು ಬಾಯಿಬಿಡುವುದಿಲ್ಲ. ಪಕ್ಕದ ಮನೆಯವನಿಗೂ ಇಷ್ಟೇ ಸಿಟ್ಟಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಜನರೇ ಅರಿಯದ್ದನ್ನು ಗೂಢಚಾರ ಎಲ್ಲಿಂದ ತರುತ್ತಾನೆ?

ಸರಿಯಾದ ಎಚ್ಚರಿಕೆ ಸಿಕ್ಕರೂ ಮುಗಿಯಲ್ಲ. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಲಿದೆ ಅಂತ ಅಮೆರಿಕ ವಾರಗಳ ಮೊದಲೇ ಬಹಿರಂಗವಾಗಿ ಹೇಳಿತ್ತು. ಎಷ್ಟೋ ತಜ್ಞರು ನಂಬಲಿಲ್ಲ. 2022ರ ಫೆಬ್ರವರಿ 15ರಂದು ಕೀವ್‌ನ ನಮ್ಮ ರಾಯಭಾರ ಕಚೇರಿ, ಇರಲೇಬೇಕಾದ ಅಗತ್ಯ ಇಲ್ಲದ ವಿದ್ಯಾರ್ಥಿಗಳು ತಾತ್ಕಾಲಿಕವಾಗಿ ಹೊರಡುವುದನ್ನು ಯೋಚಿಸಬಹುದು ಅಂತ ಸೂಚನೆ ಹೊರಡಿಸಿತು. 24ರಂದು ದಾಳಿ ಶುರು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ.

ಆ ಒಂಬತ್ತು ದಿನಗಳಲ್ಲಿ ಮಕ್ಕಳ ಮುಂದೆ ಇದ್ದದ್ದು ತಪ್ಪಿಹೋಗುವ ಕ್ಲಾಸು, ದುಬಾರಿ ಟಿಕೆಟ್, ‘ಯೋಚಿಸಬಹುದು’ ಅನ್ನುವ ಸೂಚನೆ. ಯುದ್ಧ ಆಗುವ ಸಂಭವ ನೂರಕ್ಕೆ 30 ಅಂತ ಯಾರಾದರೂ ಅಂಕಿ ಕೊಟ್ಟಿದ್ದರೆ? ಆಗದೇ ಇರುವ ಸಂಭವವೇ ಜಾಸ್ತಿ, ನಿಜ. ಆದರೂ ಎಷ್ಟೋ ಅಪ್ಪಂದಿರು ಸಾಲ ಮಾಡಿ ಟಿಕೆಟ್ ತೆಗೆಸುತ್ತಿದ್ದರು ಅಂತ ನನ್ನ ನಂಬಿಕೆ. ನಿರ್ಧಾರ ಮಾಡುವವನಿಗೆ ಖಚಿತ ಭವಿಷ್ಯ ಬೇಕಿಲ್ಲ, ತೂಗಿ ನೋಡಲು ಒಂದು ಅಂಕಿ ಬೇಕು.

ಟೆಟ್‌ಲಾಕ್ ಆಮೇಲೆ ಸಾವಿರಾರು ಸಾಮಾನ್ಯ ಜನರನ್ನು ಸೇರಿಸಿ ಅಂದಾಜು ಮಾಡಿಸಿದರು. ಅವರಲ್ಲಿ ಚೆನ್ನಾಗಿ ಮಾಡಿದವರ ದಾರಿ ಸರಳ. ಮೊದಲು ಇತಿಹಾಸದ ಲೆಕ್ಕ, ಆಮೇಲೆ ಇವತ್ತಿನ ಸುದ್ದಿ. ಉದಾಹರಣೆಗೆ ಪಾಕಿಸ್ತಾನ. ಅಲ್ಲಿ ಸೇನೆ ನಾಗರಿಕ ಸರ್ಕಾರವನ್ನು ಕಿತ್ತುಹಾಕಿದ್ದು 1958, 1977, 1999ರಲ್ಲಿ. ಎಂಬತ್ತಕ್ಕೆ ಹತ್ತಿರದ ವರ್ಷಗಳಲ್ಲಿ ಮೂರು ಸಲ, ಅಂದರೆ ವರ್ಷಕ್ಕೆ ಸುಮಾರು ನೂರಕ್ಕೆ 4. ಈಗ ಪರದೆ ಹಿಂದಿನಿಂದಲೇ ಬೇಕಾದ್ದೆಲ್ಲ ನಡೆಯುತ್ತಿರುವಾಗ ಸೇನೆ ಮುಂದೆ ಬರುವ ಅಗತ್ಯ ಕಮ್ಮಿ. ಅದಕ್ಕೆ ಮುಂದಿನ 12 ತಿಂಗಳಿಗೆ ನನ್ನ ಅಂಕಿ ನೂರಕ್ಕೆ 2.

ನೀವು ಒಪ್ಪದಿದ್ದರೆ ಕಾಮೆಂಟ್‌ನಲ್ಲಿ ನಿಮ್ಮ ಅಂಕಿ ಹಾಕಿ. ಬೇಕಾದ ದೇಶ ಆರಿಸಿಕೊಳ್ಳಿ, ಏನು ಆದರೆ ‘ಆಯ್ತು’ ಅಂತ ಲೆಕ್ಕ ಅನ್ನೋದನ್ನೂ ಬರೀರಿ. ಕಾಮೆಂಟ್ ಆಮೇಲೆ ಎಡಿಟ್ ಮಾಡೋ ಹಾಗಿಲ್ಲ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ತೀನಿ.